ಮೂಡದ ಗೆರೆ

ಹಾವೇರಿಯ ಪ್ರಯೋಗಾಲಯದಲ್ಲಿ ಮಹೇಶ್ವರಿ ಆ ಪರೀಕ್ಷೆಯನ್ನು ಮತ್ತೆ ಮಾಡಿ ನೋಡಿದಳು. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವವೊಂದರ ಮೇಲೆ ಅವಳ ಸಂಶೋಧನೆ. ಮೊಲದ ಮೈಯಲ್ಲಿ ತಯಾರಾದ ಪ್ರತಿಕಾಯ ಆ ಕಿಣ್ವವನ್ನೇ ಹುಡುಕಿ ಅಂಟಿಕೊಳ್ಳುತ್ತದೆ. ಅಂಟಿದಲ್ಲಿ ಪರೀಕ್ಷೆಯ ಪಟ್ಟಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಉಳಿದ ಮಕ್ಕಳ ಚರ್ಮದ ಮಾದರಿಗಳಲ್ಲೆಲ್ಲ ಗೆರೆ ಮೂಡಿತ್ತು. ಒಂದರಲ್ಲಿ ಮಾತ್ರ ಈ ಸಲವೂ ಏನೂ ಇರಲಿಲ್ಲ. ಮಾದರಿ ಕೆಟ್ಟಿರಲಿಲ್ಲ, ಬೇರೆ ಪ್ರೊಟೀನಿನ ಗೆರೆ ಅದರಲ್ಲಿ ಸರಿಯಾಗಿಯೇ ಕಂಡಿತ್ತು.

ಅದು ಕುಪ್ಪೇಲೂರಿನ ಜಯವ್ವನ ಮಗುವಿನದು. ಹುಟ್ಟಿದ ಎರಡನೇ ವಾರದಲ್ಲೇ ಕೂಸು ಮೈಯೆಲ್ಲ ಹಳದಿಯಾಗಿ ತೀರಿಕೊಂಡಿತ್ತು. ಆಗ ಆಸ್ಪತ್ರೆಯಲ್ಲಿ ಸಂಶೋಧನೆಗೆಂದು ಚರ್ಮದ ಚೂರು ಕೇಳಿದವಳು ಮಹೇಶ್ವರಿಯೇ. ಇನ್ನೊಬ್ಬ ತಾಯಿಗೆ ಹೀಗಾಗದಿದ್ದರೆ ಸಾಕು ಎಂದು ಜಯವ್ವ ಒಪ್ಪಿದ್ದಳು. ಆಮೇಲೆ ಒಮ್ಮೆ ಫೋನು ಮಾಡಿ, ತನ್ನ ಎದೆಹಾಲೇ ವಿಷ ಎಂದು ಅತ್ತೆ ದೇವವ್ವ ಹಳಿಯುತ್ತಾಳೆಂದೂ, ತಾನು ಮತ್ತೆ ಬಸುರಿಯೆಂದೂ ಹೇಳಿದ್ದಳು.

ಪ್ರತಿಕಾಯದ ಶೀಶೆಯ ಮೇಲೆ ಸಂಶೋಧನೆಗೆ ಮಾತ್ರ, ರೋಗ ಪತ್ತೆಗಲ್ಲ ಎಂದು ಬರೆದಿತ್ತು. ಗೆರೆ ಮೂಡದ್ದನ್ನು ಜಯವ್ವನಿಗೆ ಹೇಳಬಹುದೇ ಎಂದು ಮಹೇಶ್ವರಿ ಹಿರಿಯ ಸಂಶೋಧಕರನ್ನು ಕೇಳಿದಳು. ಮೊದಲು ದೊಡ್ಡಾಸ್ಪತ್ರೆಯಲ್ಲಿ ಗಂಡ ಹೆಂಡಿರ ರಕ್ತ ಪರೀಕ್ಷೆಯಾಗಲಿ ಎಂದರು ಅವರು. ಅಲ್ಲಿ ಗೊತ್ತಾಯಿತು: ಇಬ್ಬರಿಂದಲೂ ಅರ್ಧರ್ಧ ಬಂದ ದೋಷ ಕೂಸಿನಲ್ಲಿ ಕೂಡಿಕೊಂಡಿತ್ತು.

ಡಾಕ್ಟರು ಎಷ್ಟು ಬಿಡಿಸಿ ಹೇಳಿದರೂ ಜಯವ್ವನ ಮನಸ್ಸು ತಿಳಿಯಾಗಲಿಲ್ಲ. ಮಹೇಶ್ವರಿ ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಅವರ ಮನೆಗೇ ಹೋದಳು. ದೇವವ್ವ ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಜಯವ್ವ ನೀರು ಕೊಟ್ಟು ಎದುರಿಗೆ ಕುಳಿತಳು.

"ಖರೇ ಹೇಳ್ರಿ ಅಕ್ಕಾರ, ನನ್ನ ಹಾಲಿಂದನ ಹೋತೇನ್ರಿ ಕೂಸು?"

ಮಹೇಶ್ವರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಆ ಕೂಸಿಗೆ ಯಾವ ಹಾಲೂ ಒಗ್ಗತಿದ್ದಿಲ್ಲ ಜಯವ್ವಾ. ಆಕಳ ಹಾಲು ಕುಡಿಸಿದ್ರೂ ಹಂಗ ಆಗ್ತಿತ್ತು. ಅದನ್ನ ಅರಗಿಸೋ ಶಕ್ತಿ ಅದಕ್ಕ ಇರಲಿಲ್ಲ. ನಿನ್ನ ಹಾಲಿನಾಗ ಏನೂ ಖೋಡಿ ಇಲ್ಲ."

ಜಯವ್ವ ಮಂಡಿಗೆ ಮುಖ ಹಚ್ಚಿ ಅತ್ತಳು. ದೇವವ್ವ ತನ್ನ ಮಗನಲ್ಲೂ ಆ ದೋಷ ಇರುವುದು ನಿಜವೇ ಎಂದು ಮತ್ತೆ ಮತ್ತೆ ಕೇಳಿ, ತೊಟ್ಟು ಬಿಡಿಸುವುದನ್ನು ಬಿಟ್ಟಳು.

ತಿಂಗಳು ತುಂಬಿ ಜಯವ್ವನಿಗೆ ಹೆಣ್ಣು ಹುಟ್ಟಿತು. ಕೂಡಲೇ ರಕ್ತ ಪರೀಕ್ಷೆಗೆ ಕಳಿಸಿ, ಫಲಿತಾಂಶ ಬರುವ ತನಕ ಎದೆಹಾಲು ಕೊಡದೆ, ಹಾಲಿನ ಸಕ್ಕರೆಯಿಲ್ಲದ ಸೋಯಾ ಪುಡಿ ಕಲಸಿ ಕುಡಿಸುತ್ತ ಕಾದರು. ಅದಕ್ಕೂ ಆ ಕಿಣ್ವ ಇರಲಿಲ್ಲ. ಆ ಸೋಯಾ ಹಾಲೇ ಗತಿಯಾಯಿತು. ಹಾಲು ತುಂಬಿ ಎದೆ ಕಟ್ಟಿ ನೋವಾದಾಗ ಜಯವ್ವ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು. ಪುಡಿ ಕಲಸುವುದನ್ನು ದೇವವ್ವ ಕಲಿತಳು. ಕೂಸು ಮೈ ತುಂಬಿಕೊಂಡಿತು.

ಹೆಸರಿಡುವ ದಿನ ಮಹೇಶ್ವರಿಯೂ ಬಂದಿದ್ದಳು. ಬ್ಯಾಡಗಿಯಿಂದ ಬಂದ ನೆಂಟರ ಹೆಂಗಸೊಬ್ಬಳು, ಹೆತ್ತತಾಯಿ ಇದ್ದೂ ಬಾಟಲಿ ಯಾಕೆಂದು ಮೂಗು ಮುರಿದಳು. ಜಯವ್ವ ತಲೆ ತಗ್ಗಿಸಿದಳು. ಉತ್ತರ ಕೊಟ್ಟವಳು ದೇವವ್ವ.

"ಆಕೀಗೇನೂ ಅನಬ್ಯಾಡ. ನಮ್ಮ ರಕ್ತದಾಗೂ ಐತಿ ಅದು."

ಜಯವ್ವ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಆಮೇಲೆ ಸೆರಗಿನಿಂದ ಕೂಸಿನ ತುಟಿ ಒರೆಸಿ, ಅದನ್ನು ಮಹೇಶ್ವರಿಯ ತೊಡೆಯ ಮೇಲಿಟ್ಟು, ಊಟಕ್ಕೆ ಎಲೆ ಹಾಕಲು ಎದ್ದಳು.