ಡಿಕ್ಕಿಯಲ್ಲಿ ಎರಡು ವೂಫರ್

ಪೆಟ್ಟಿಗೆಯ ಹಿಂದೆ ಮಡಚಿ ತುರುಕಿದ್ದ ವೈರನ್ನು ಭಾಗ್ಯಶ್ರೀ ಎಳೆದಳು. ಅದು ಸಲೀಸಾಗಿ ಕೈಗೆ ಬಂತು. ತುದಿಗೆ ಕರಿ ಟೇಪು ನೀಟಾಗಿ ಸುತ್ತಿತ್ತು. ಕಿತ್ತು ಬಂದದ್ದಲ್ಲ, ಯಾರೋ ಬೇಕೆಂದೇ ಬಿಚ್ಚಿಟ್ಟದ್ದು.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅವಳು ಲ್ಯಾಬ್ ಟೆಕ್ನಿಶಿಯನ್. ಕೆಲಸ ಮುಗಿಸಿ ಮನೆಗೆ ಹೊರಟವಳು, ಮೂಲೆಗೆ ಜಾರಿದ್ದ ಊಟದ ಚೀಲ ತೆಗೆಯಲೆಂದು ಕಾರಿನ ಡಿಕ್ಕಿಯೊಳಗೆ ಬಗ್ಗಿದ್ದಳು. ಅಲ್ಲಿ ಎರಡು ವೂಫರ್‌ಗಳು, ಗುಡುಗಿನಂಥ ತಗ್ಗು ದನಿಯ ಸ್ಪೀಕರುಗಳು, ಅಕ್ಕಪಕ್ಕ ಕೂತಿದ್ದವು. ದೊಡ್ಡದು ಗಂಡ ವಿರೂಪಾಕ್ಷನದು, ಪೆಟ್ಟಿಗೆಯ ಒಂದು ಮಗ್ಗುಲಲ್ಲಿ ಗಾಳಿ ಹೊರಬರಲು ಬಾಯಿ ಇದ್ದದ್ದು. ಚಿಕ್ಕದು, ಎಲ್ಲ ಕಡೆ ಮುಚ್ಚಿದ್ದು, ಅವಳದು. ವೈರು ಬಿಚ್ಚಿದ್ದು ಚಿಕ್ಕದರದ್ದು.

ಮದುವೆಗೆ ಮುಂಚೆ ಇಬ್ಬರಿಗೂ ಒಂದೊಂದು ಹಳೇ ಕಾರಿತ್ತು, ಒಂದೊಂದು ವೂಫರಿತ್ತು. ಗಂಗಾನಗರದ ಬಾಡಿಗೆ ಮನೆ ಮುಂದೆ ನಿಲ್ಲಿಸಲು ಒಂದೇ ಕಾರಿಗೆ ಜಾಗ. ವಿರೂಪಾಕ್ಷ ತನ್ನದನ್ನು ಮಾರಿದ, ವೂಫರನ್ನು ಮಾತ್ರ ಬಿಚ್ಚಿಸಿಕೊಂಡು ತಂದ. "ನಿಮ್ಮದೂ ಇರ್ಲಿ, ನನ್ನದೂ ಇರ್ಲಿ" ಎಂದಿದ್ದಳು ಭಾಗ್ಯಶ್ರೀ. ಅವಳಿಗೆ ಅದು ಬರೀ ಹಾಡು ಕೇಳುವ ಸಾಮಾನಲ್ಲ. ಜಮಖಂಡಿಯಲ್ಲಿ ಅವಳಪ್ಪ ಅಪ್ಪಾಸಾಹೇಬರದು ಮೈಕ್‌ಸೆಟ್ ಅಂಗಡಿ. ಸ್ಪೀಕರ್ ಪೆಟ್ಟಿಗೆಗಳ ನಡುವೆ ಹಾಸಿಗೆ ಹಾಸಿಕೊಂಡು ಬೆಳೆದವಳು. ಯಾವ ಪೆಟ್ಟಿಗೆಯ ಅಂಟು ಬಿಟ್ಟಿದೆ ಎಂದು ದೂರದಿಂದಲೇ ಹೇಳುತ್ತಿದ್ದಳು. "ನಮ್ಮ ಭಾಗೀದು ಕಿವಿ ಅಲ್ಲ, ಮೀಟರು" ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು.

ಆದರೆ ಎರಡು ವೂಫರ್‌ಗಳು ಕೂಡಿ ಬಾಳಲಿಲ್ಲ. ಒಂದೊಂದೇ ಹಚ್ಚಿದರೆ ನೆಟ್ಟಗೆ ಬರುವ ಬೇಸು, ಎರಡೂ ಹಚ್ಚಿದರೆ ಹಾಡಿನ ಕೆಲವು ಕಡೆ ಗೊಂಯ್ ಎಂದು ಊದಿಕೊಳ್ಳುತ್ತಿತ್ತು, ಕೆಲವು ಕಡೆ ಇದ್ದದ್ದೂ ಮಾಯವಾಗುತ್ತಿತ್ತು. ಪೆಟ್ಟಿಗೆ ತಿರುಗಿಸಿ ನೋಡಿದರು, ವೈರು ಅದಲು ಬದಲು ಮಾಡಿದರು. ರಜೆಯ ದಿನಗಳೆಲ್ಲ ಆರ್‌.ಟಿ. ನಗರದಲ್ಲಿ ಅನ್ವರ್‌ನ ಕಾರ್ ಆಡಿಯೋ ಅಂಗಡಿಯಲ್ಲೇ ಕಳೆದವು. ವಿರೂಪಾಕ್ಷ ಬೇಸತ್ತಷ್ಟೂ ಅವಳ ಹಟ ಹೆಚ್ಚಿತು. ಕಡೆಗೊಂದು ದಿನ ಅವನೊಬ್ಬನೇ ಹೋಗಿ ಬಂದು, "ಸರಿ ಆತು ನೋಡು" ಎಂದ. ನಿಜಕ್ಕೂ ಸರಿಯಾಗಿತ್ತು. ಕುಣಿದಾಡುವಷ್ಟು ಚೆನ್ನಾಗಿತ್ತು. ಅವಳು ಕಾರಿನಲ್ಲೇ ಕೂತು ಅಪ್ಪನಿಗೆ ಫೋನ್ ಹಚ್ಚಿ, "ಕೇಳು ಅಪ್ಪಾ, ಎರಡೂ ಹೆಂಗ ಕೂಡ್ಯಾವು! ನನ್ನದರ ಏಟು ಬ್ಯಾರೇನ ಕೇಳಸ್ತೈತಿ" ಎಂದು ಹೆಮ್ಮೆಪಟ್ಟಿದ್ದಳು. ಪಕ್ಕದಲ್ಲಿ ವಿರೂಪಾಕ್ಷ ನಗುತ್ತಾ ಕೂತಿದ್ದ.

ಆ ನಗು ನೆನಪಾದದ್ದೇ ಭಾಗ್ಯಶ್ರೀಗೆ ಕಿವಿಯ ತುದಿ ಸುಟ್ಟಂತಾಯಿತು. ಡಿಕ್ಕಿ ದಡಾರನೆ ಮುಚ್ಚಿ, ಕಾರನ್ನು ಮನೆಯ ಬದಲು ಆರ್‌.ಟಿ. ನಗರಕ್ಕೆ ತಿರುಗಿಸಿದಳು.

ವೈರು ತೋರಿಸಿದಾಗ ಅನ್ವರ್ ಮುಖ ಸಣ್ಣದು ಮಾಡಿಕೊಂಡ.

"ಸಾರ್ ಹೇಳಿದ್ರು ಮೇಡಂ. ಮನೇಲಿ ದಿನಾ ಇದೇ ಜಗಳ ಆಗ್ತಿದೆ, ಏನಾದ್ರೂ ಮಾಡು ಅಂದ್ರು."

"ನನಗ್ಯಾಕೆ ಹೇಳಲಿಲ್ಲ ನೀವು?"

"ಹೇಳಿದ್ದೆ ಅಲ್ವಾ ಮೇಡಂ, ಎರಡಕ್ಕೂ ಸೆಟ್ ಆಗಲ್ಲ ಅಂತ. ಒಂದು ಮುಂದಕ್ಕೆ ತಳ್ಳೋವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತೆ. ನೀವು ಕೇಳಲೇ ಇಲ್ಲ."

"ಈಗ ಕೇಳ್ತೀನಿ. ನಾನು ಆ ಕಡೆ ತಿರುಗಿ ನಿಲ್ತೀನಿ. ಎರಡೂ ಹಚ್ಚಿ, ಒಂದೊಂದೇ ಹಚ್ಚಿ. ಯಾವುದು ಅಂತ ಮಾತ್ರ ಹೇಳಬೇಡಿ."

ಬೆನ್ನು ತಿರುಗಿಸಿ ರಸ್ತೆ ನೋಡುತ್ತಾ ನಿಂತಳು. ಬಸ್ಸು, ಆಟೋ, ಹೂವಿನ ಗಾಡಿ, ಯಾವುದೂ ಕಣ್ಣಿಗೆ ಬೀಳಲಿಲ್ಲ. ಹಿಂದೆ ಅದೇ ಹಾಡು ಮತ್ತೆ ಮತ್ತೆ ಮೊದಲಿನಿಂದ ಶುರುವಾಯಿತು. ಮೊದಲನೆಯದು ಮಸುಕು. ಎರಡನೆಯದು ಚುರುಕಾಗಿತ್ತು, ಆದರೆ ತೆಳು. ಮೂರನೆಯದು ಕೇಳಿದೊಡನೆ ಪಾದದ ಕೆಳಗಿನ ಕಲ್ಲೇ ಅದುರಿದಂತಾಗಿ, ಅವಳಿಗೆ ಗೊತ್ತಿಲ್ಲದೆಯೇ ತಲೆ ತೂಗಿತು.

"ಇದು. ಇದೇ ಚೆನ್ನಾಗಿದೆ" ಎಂದು ತಿರುಗಿದಳು.

ಡಿಕ್ಕಿಯಲ್ಲಿ ವಿರೂಪಾಕ್ಷನ ವೂಫರ್ ಒಂದೇ ಕುಣಿಯುತ್ತಿತ್ತು. ಅವಳದು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿತ್ತು.

ಯಾರ ಮೇಲೆ ಸಿಟ್ಟಾಗಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಅನ್ವರ್ ಸುಳ್ಳು ಹೇಳಿರಲಿಲ್ಲ, ವೂಫರೂ ಸುಳ್ಳು ಹೇಳಿರಲಿಲ್ಲ. "ಎರಡೂ ಹಚ್ಚಿಬಿಡಿ" ಎಂದಳು.

"ಮೇಡಂ, ಕೆಟ್ಟದಾಗಿ..."

"ಹಚ್ಚಿ ಅಂದ್ನಲ್ಲಾ!"

ಅಲ್ಲಿಂದ ಅವಳು ವಿರೂಪಾಕ್ಷನನ್ನು ಕರೆತರಲು ಹೋದಳು. ಅವನು ಫ್ಯಾಕ್ಟರಿಯಿಂದ ಯಶವಂತಪುರದ ಮೆಟ್ರೋ ಸ್ಟೇಷನ್ನಿಗೆ ಬಂದು ಕಾಯುತ್ತಿದ್ದ. ಹತ್ತಿ ಕೂತವನು ಸಿಗ್ನಲ್ ದಾಟುವಷ್ಟರಲ್ಲಿ ಹುಬ್ಬು ಗಂಟಿಕ್ಕಿದ.

"ಏನಾತು ಇದಕ್ಕ? ಗೊಗ್ಗರು ದನಿ ಬರಾಕತ್ತೈತಿ."

"ನಂದೂ ಹಚ್ಚಿಸೀನಿ. ಅದಕ್ಕ."

ಅವನ ಕೈ ವಾಲ್ಯೂಮಿನ ಮೇಲೆ ಹಾಗೇ ನಿಂತಿತು. ಮುಂದೆ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಇಳಿದು ಹೋಗಲು ಇಬ್ಬರಿಗೂ ದಾರಿಯಿರಲಿಲ್ಲ.

"ಹೇಳಬೇಕಂತಿದ್ದೆ ಭಾಗೀ. ಆದ್ರ ಅವತ್ತು ನೀ ಭಾಳ ಖುಷಿಯಾಗಿದ್ದಿ. ಮಾವಗ ಬ್ಯಾರೆ ಫೋನ್ ಹಚ್ಚಿದಿ. ಆಮ್ಯಾಲ ಹೆಂಗ ಹೇಳಲಿ?"

"ನಗಾಕತ್ತಿದ್ರಲ್ಲ ನೀವು ಆಗ!"

"ನಿನ್ನ ನೋಡಿ ನಕ್ಕಿಲ್ಲ. ಮನ್ಯಾಗ ಜಗಳ ನಿಂತೈತಲ್ಲ ಅಂತ ನಕ್ಕೆ."

"ನನ್ನ ಕಿವೀನ ಸುಳ್ಳು ಮಾಡಿದ್ರಿ" ಎಂದಳು. "ನಿಮ್ಮದು ಚಲೋ ಐತಿ ಅಂದಿದ್ರ, ಕೂಗ್ಯಾಡ್ತಿದ್ದೆ, ಅಳ್ತಿದ್ದೆ, ಆಮ್ಯಾಲ ಒಪ್ಪಿಕೊಳ್ತಿದ್ದೆ. ಒಪ್ಪೋದೂ ನನಗ ಬಿಡಲಿಲ್ಲ ನೀವು."

ಅವನು ತಲೆ ತಗ್ಗಿಸಿದ. "ನಂದು ತಗಸ್ತೀನಿ ಬಿಡು. ನಿಂದಷ್ಟ ಇರ್ಲಿ" ಎಂದ.

"ಬ್ಯಾಡ. ನಿಮ್ಮದ ಚಲೋ ಕೇಳಸ್ತೈತಿ." ಹಿಂದಿನ ಕಾರು ಹಾರ್ನ್ ಹೊಡೆಯಿತು. ಅವಳು ಗೇರು ಬದಲಿಸಿದಳು. "ಅದಕ್ಕ ಸಿಟ್ಟು ಬರಾಕತ್ತೈತಿ ನನಗ."

ಗಂಗಾನಗರ ಬರುವಷ್ಟರಲ್ಲಿ ಹಾಡು ನಿಂತಿತ್ತು, ಯಾವಾಗ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಮನೆ ಮುಂದೆ ಕಾರು ನಿಲ್ಲಿಸಿ ಅವಳೇ ಡಿಕ್ಕಿ ತೆರೆದಳು. ಅನ್ವರ್ ಹಚ್ಚಿದ್ದ ವೈರನ್ನು ಬಿಚ್ಚಿ, ತನ್ನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎಳೆದು ಎತ್ತಿಕೊಂಡಳು. ಎದೆಯವರೆಗೂ ಬಂತು.

"ಭಾರ ಐತಿ, ಇಲ್ಲಿ ತಾ."

"ಬ್ಯಾಡ್ರಿ."

ಮೊದಲ ಮಹಡಿಯ ಬಾಡಿಗೆದಾರರು ಬಾಗಿಲ ಹೊರಗೆ ಚಪ್ಪಲಿ ಹರಡಿದ್ದರು. ಅವಳು ಕಾಲಿನಿಂದಲೇ ಅವನ್ನು ಸರಿಸಿ, ಎರಡನೇ ಮಹಡಿಯ ತಮ್ಮ ಮನೆಗೆ ಮೆಟ್ಟಿಲು ಹತ್ತಿದಳು. ತಿರುವಿನಲ್ಲಿ ಉಸಿರು ಕಟ್ಟಿತು. ಪೆಟ್ಟಿಗೆಯ ಅಂಚನ್ನು ಕಂಬಿಗೆ ಆನಿಸಿ, ಗಲ್ಲವನ್ನು ಅದರ ಮೇಲಿಟ್ಟು ನಿಂತಳು. ಎರಡು ಮೆಟ್ಟಿಲು ಕೆಳಗೆ ವಿರೂಪಾಕ್ಷನೂ ನಿಂತ. ಅವನ ಎರಡೂ ಕೈ ಪೆಟ್ಟಿಗೆಯ ಅಡಿಗೆ ಚಾಚಿದ್ದವು, ಮುಟ್ಟಿರಲಿಲ್ಲ. ಅವಳು ಮತ್ತೆ ಒಂದು ಮೆಟ್ಟಿಲು ಹತ್ತಿದಳು. ಕೈಗಳನ್ನು ಹಾಗೇ ಚಾಚಿಕೊಂಡು ಅವನೂ ಒಂದು ಹತ್ತಿದ.