ಹದಿನಾರರಲ್ಲಿ ಒಂದು

“ಇನ್ನೊಂದು ಹಿಡಿ ಹಾಕು,” ಅಂದರು ಅಪ್ಪ.

ಮಗಳು ಸೀಸದ ಗುಂಡುಗಳನ್ನು ಮುಷ್ಟಿ ತುಂಬ ತೆಗೆದು ಲಾಂಚಿನ ಹೊಟ್ಟೆಯೊಳಗೆ ಇಳಿಬಿಟ್ಟಳು. ತೋಳುದ್ದದ ಆ ಪುಟ್ಟ ಲಾಂಚು ತೊಟ್ಟಿಯ ನೀರಿನಲ್ಲಿ ಒಮ್ಮೆ ಮೈ ಹೊರಳಿಸಿ, ಕೂದಲೆಳೆಯಷ್ಟು ಕೆಳಗೆ ಕೂತಿತು. ಅಪ್ಪ ಮೊಣಕಾಲೂರಿ, ಕನ್ನಡಕವನ್ನು ಹಣೆಗೇರಿಸಿ, ಅದರ ಪಕ್ಕೆಗೆ ನೀರು ತಾಗುವ ಗೆರೆಯನ್ನೇ ನೋಡಿದರು.

“ಹಿಂದ್ಗಡೆ ಹಾಕು, ಎಂಜಿನ್ ಇರೋ ಕಡೆ. ಎಲ್ಲಾ ಮಧ್ಯಕ್ಕೇ ಸುರೀತೀಯಲ್ಲ, ಇದೇನು ಗೋಣಿಚೀಲನಾ?”

“ಅಪ್ಪ, ಸಿನಿಮಾದಲ್ಲಿ ಇದು ಮುಳುಗೋದು ಕಾಣಿಸಿದ್ರೆ ಸಾಕು. ಎಂಜಿನ್ ಎಲ್ಲಿದೆ ಅಂತ ಯಾರು ನೋಡ್ತಾರೆ?”

ಅಪ್ಪ ಲಾಂಚಿನ ಹಿಂಭಾಗವನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಎಂಜಿನ್ ಪಕ್ಕದಲ್ಲಿ ಯಾರು ನಿಂತಿರುತ್ತಿದ್ದರು ಎಂಬುದು ಇಬ್ಬರಿಗೂ ಗೊತ್ತಿತ್ತು. ಅದು ಗೊತ್ತಿಲ್ಲದವನೆಂದರೆ ಆ ಶೆಡ್ಡಿನಲ್ಲಿ ಕ್ಯಾಮೆರಾದವನೊಬ್ಬನೇ. ಅವನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಮುಖದಲ್ಲಿ ಮೊದಲು ಕಾಣುವುದು ಅದೇ ಆದ್ದರಿಂದ.

“ಮೇಷ್ಟ್ರೇ, ನಾವು ಬಂದಿರೋದು ಲಾಂಚು ಮುಳುಗಿಸೋಕೆ,” ಎಂದ ಮೀಸೆ, ಲೆನ್ಸು ಒರೆಸುತ್ತ. “ನೀವು ನೋಡಿದ್ರೆ ಮದುವೆ ಹೆಣ್ಣಿನ ಹಾಗೆ ಸಿಂಗಾರ ಮಾಡ್ತಾ ಇದ್ದೀರಿ.”

“ಸರಿಯಾಗಿ ತೇಲದೆ ಇರೋದು ಸರಿಯಾಗಿ ಮುಳುಗೋದೂ ಇಲ್ಲಪ್ಪ,” ಅಂದರು ಅಪ್ಪ.

ಸಿನಿಮಾದವರಿಗೆ ಚಿಕ್ಕ ಚಿಕ್ಕ ಪ್ರಪಂಚಗಳನ್ನು ಕಟ್ಟಿಕೊಡುವುದು ಅವಳ ಕಸುಬು. ಉರಿಯುವ ಗಿರಣಿ, ಕುಸಿಯುವ ಸೇತುವೆ, ಹಳಿ ತಪ್ಪುವ ರೈಲು, ಎಲ್ಲವೂ ಈ ತಗಡಿನ ಶೆಡ್ಡಿನಲ್ಲೇ ಹುಟ್ಟಿ ಇಲ್ಲೇ ಸಾಯುತ್ತಿದ್ದವು. ಲಾಂಚು ಮುಳುಗಿಸುವ ಕೆಲಸ ಬಂದಾಗ ಒಲ್ಲೆ ಎನ್ನಬೇಕೆಂದೇ ಇದ್ದಳು. ಅಷ್ಟರಲ್ಲಿ ಮೇಜಿನ ಮೇಲಿದ್ದ ನಕ್ಷೆ ಅಪ್ಪನ ಕಣ್ಣಿಗೆ ಬಿತ್ತು. ಅವರು ಎದ್ದು ಹೋದರು. ಮಾರನೆಯ ದಿನ ಬಂದು ಉದ್ದ, ಅಗಲ, ಎತ್ತರ, ತೂಕ ಎಲ್ಲವನ್ನೂ ಗಿಣಿಪಾಠದ ಹಾಗೆ ಒಪ್ಪಿಸಿದರು. “ಅವರ ಕತೆಗೆ ಯಾವ ಲಾಂಚಾದ್ರೇನು? ಇದನ್ನೇ ಮಾಡು,” ಎಂದರು. ಅವು ಅವಳ ಅಣ್ಣ ಎಂಜಿನ್ ನೋಡಿಕೊಳ್ಳುತ್ತಿದ್ದ ಲಾಂಚಿನ ಅಳತೆಗಳು.

ಅಣ್ಣ ಮೀನಿನ ಹಾಗೆ ಈಜುತ್ತಿದ್ದ. ಆದರೂ ಗಾಳಿಯಿಲ್ಲದ ಒಂದು ಬೆಳಿಗ್ಗೆ, ದಡ ಕಣ್ಣೆದುರಿಗೇ ಇರುವಾಗ, ಜನ ತುಂಬಿದ ಲಾಂಚಿನೊಂದಿಗೆ ಅವನೂ ಹೋದ. ಅವನು ಸಿಕ್ಕಿದ್ದು ಕೆಳಗಿನ ಕೋಣೆಯಲ್ಲಿ, ಜನರ ನಡುವೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಆಗಿಹೋಯಿತು ಎಂದರು ಎಲ್ಲರೂ. ಮಾತಾಡಿಸಲು ಬಂದವರು ಅಂದರು, ವಿಚಾರಣೆ ನಡೆಸಿದವರೂ ಅದನ್ನೇ ಬರೆದರು. ಅಮ್ಮ ಅದನ್ನು ಊಟವಾದ ಮೇಲಿನ ಮಾತ್ರೆಯಂತೆ ಇಂದಿಗೂ ದಿನಾ ನುಂಗುತ್ತಾಳೆ: “ಅವನಿಗೆ ಗೊತ್ತೇ ಆಗಿರಲ್ಲ ಬಿಡಿ. ಕಣ್ಣು ಮುಚ್ಚಿ ತೆಗೆಯೋಷ್ಟರಲ್ಲಿ.”

ಬದುಕಿಡೀ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟ ಅಪ್ಪನ ಗಂಟಲಲ್ಲಿ ಮಾತ್ರ ಆ ಮಾತ್ರೆ ಇಳಿಯಲಿಲ್ಲ. ಚಿಕ್ಕದು ಚುರುಕು, ದೊಡ್ಡದು ನಿಧಾನ. ಕಾಗದದ ದೋಣಿ ಕಣ್ಣು ಮುಚ್ಚುವುದರೊಳಗೆ ಮುಳುಗೀತು, ಲಾಂಚು ಹೇಗೆ ಮುಳುಗುತ್ತದೆ? ಪೇಪರಿನ ಅಂಚಿನಲ್ಲಿ, ಔಷಧಿ ಚೀಟಿಯ ಬೆನ್ನಿನಲ್ಲಿ ಅವರು ಬರೆಯುತ್ತಲೇ ಇದ್ದರು. ಒಂದು ಉದ್ದ, ಒಂದು ತೂಕ, ಭೂಮಿಯ ಒಂದು ಎಳೆತ. ಈ ಮೂರರಿಂದ ಕಾಲವನ್ನು ಹೊರಡಿಸುವುದಕ್ಕೆ ಇರುವುದು ಒಂದೇ ದಾರಿ: ಉದ್ದವನ್ನು ಎಳೆತದಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. ತೂಕ ತಾನಾಗಿಯೇ ಕಳಚಿ ಬೀಳುತ್ತದೆ. ಆದರೆ ಅದರ ಮುಂದೆ ಇನ್ನೊಂದು ಸಂಖ್ಯೆ ಬರಬೇಕು. ಅದು ಮೀಟರೂ ಅಲ್ಲ, ಕಿಲೋವೂ ಅಲ್ಲ, ಸೆಕೆಂಡೂ ಅಲ್ಲ, ಬರಿಯ ಸಂಖ್ಯೆ. ಅದನ್ನು ಯಾವ ಸೂತ್ರವೂ ಕೊಡುವುದಿಲ್ಲ, ಮಾಡಿಯೇ ನೋಡಬೇಕು. ಅಪ್ಪ ಪ್ರತಿ ಸಲವೂ ಅಲ್ಲೊಂದು ಖಾಲಿ ಜಾಗ ಬಿಟ್ಟು ಪೆನ್ನು ಕೆಳಗಿಡುತ್ತಿದ್ದರು. ಮನೆಯವರೆಲ್ಲ ವರ್ಷಗಟ್ಟಲೆ ಆ ಖಾಲಿ ಜಾಗವನ್ನು ತುಳಿಯದಂತೆ ಓಡಾಡಿದ್ದರು. ಬಚ್ಚಲಿನಲ್ಲಿ ಅವರು ಬಕೆಟ್ಟಿನೊಳಗೆ ಚೊಂಬು ಮುಳುಗಿಸುತ್ತ ಕೂರುತ್ತಿದ್ದರು. ಗುಳುಗುಳು ಸದ್ದು ಕೇಳಿದ ಕೂಡಲೇ ಅಮ್ಮ ಅಡುಗೆಮನೆಯ ನಲ್ಲಿಯನ್ನು ಜೋರಾಗಿ ತಿರುಗಿಸುತ್ತಿದ್ದಳು.

“ರೆಡಿನಾ?” ಎಂದ ಮೀಸೆ. “ನಾಲ್ಕು ಪಟ್ಟು ವೇಗದಲ್ಲಿ ತೆಗೀತೀನಿ. ಅಲ್ವಾ ಮೇಷ್ಟ್ರೇ?”

“ನಾಲ್ಕೇ. ಉದ್ದ ಹದಿನಾರರಲ್ಲಿ ಒಂದಾಯ್ತು. ತೂಕ ನಾಲ್ಕು ಸಾವಿರದಲ್ಲಿ ಒಂದಾಯ್ತು. ಕಾಲ ಮಾತ್ರ ಮಹಾ ಹಟಮಾರಿ, ನಾಲ್ಕರಲ್ಲಿ ಒಂದಕ್ಕಿಂತ ಕೆಳಗೆ ಇಳಿಯಲ್ಲ.”

ಅವಳು ದಾರ ಎಳೆದಳು. ಲಾಂಚಿನೊಳಗಿನ ಗುಂಡುಗಳು ಒಂದು ಪಕ್ಕಕ್ಕೆ ಜಾರಿದವು. ಅದು ನಿಧಾನ ವಾಲಿತು, ಅಂಚು ನೀರಿಗೆ ತಾಗಿತು, ಅಲ್ಲೇ ನಿಂತಿತು. ಅಂಚಿನ ಉದ್ದಕ್ಕೂ ನೀರು ತುಟಿಯ ಹಾಗೆ ಉಬ್ಬಿ ಬಂದಿತ್ತು, ಒಳಗೆ ಮಾತ್ರ ಬರಲಿಲ್ಲ. ಲಾಂಚು ಆ ತುಟಿಗೆ ಒರಗಿಕೊಂಡು ನಡುಗುತ್ತಿತ್ತು.

“ಇದಕ್ಕೆ ಸಾಯೋ ಮನಸ್ಸಿಲ್ಲ ಕಣ್ರೀ,” ಎಂದು ಮೀಸೆ ನಕ್ಕ.

ಅಪ್ಪ ತೊಟ್ಟಿಯ ಮೇಲೆ ಬಾಗಿದ್ದರು. ಅವರ ಮುಖದಲ್ಲಿ ಒಂದು ಗಳಿಗೆ ಏನೋ ಹೊತ್ತಿಕೊಂಡದ್ದನ್ನು ಮಗಳು ನೋಡಿದಳು. ಮರುಗಳಿಗೆ ಅದು ಆರಿತ್ತು.

“ನೀರಿಗೆ ಒಂದು ಚರ್ಮ ಇರುತ್ತೆ,” ಅಂದರು, ಯಾರಿಗೂ ಅಲ್ಲದ ಹಾಗೆ. “ದೊಡ್ಡ ನೀರಿಗೂ ಅಷ್ಟೇ ದಪ್ಪ, ಚಿಕ್ಕ ನೀರಿಗೂ ಅಷ್ಟೇ ದಪ್ಪ. ಇಲ್ಲಿ ಲಾಂಚನ್ನೇ ತಡೀತು. ಅಲ್ಲಿ ಅದು ಲೆಕ್ಕಕ್ಕೇ ಇಲ್ಲ.” ಕನ್ನಡಕ ಕೆಳಗಿಳಿಸಿ, “ಸೋಪು ತಗೊಂಡು ಬಾ, ಈ ಚರ್ಮದ ಬಿಗಿ ಬಿಡುತ್ತೆ,” ಎಂದರು.

ಸೋಪಿನ ನೀರನ್ನು ಅವರೇ ಸುರಿದರು, ತೊಟ್ಟಿಯ ನಾಲ್ಕೂ ಮೂಲೆಗೆ, ಗಿಡಕ್ಕೆ ನೀರು ಹಾಕುವವರಂತೆ. ಮಗಳು ಲಾಂಚನ್ನು ಬರಿದು ಮಾಡಿ, ಒರೆಸಿ, ಮತ್ತೆ ಗುಂಡು ತುಂಬಿ, ಕಿಟಕಿಗಳ ಹಿಂದಿನ ಪುಟ್ಟ ದೀಪಗಳನ್ನು ಹೊತ್ತಿಸಿದಳು. ಅಪ್ಪ ಜೇಬಿನಿಂದ ಸ್ಟಾಪ್‌ವಾಚು ತೆಗೆದು ಅವಳ ಅಂಗೈಯಲ್ಲಿಟ್ಟರು.

“ನೀನು ಒತ್ತು. ನನ್ನ ಕೈ ನಡುಗುತ್ತೆ.”

ನಡುಗುತ್ತಿರಲಿಲ್ಲ. ಅವರು ಹೋಗಿ ಗರಗಸಗಳು ತೂಗುಹಾಕಿದ್ದ ಗೋಡೆಯ ಕಡೆ ಮುಖ ಮಾಡಿ ಬೆಂಚಿನ ಮೇಲೆ ಕೂತರು.

ಅವಳು ದಾರ ಎಳೆದು ಗುಂಡಿ ಒತ್ತಿದಳು. ಈ ಸಲ ಯಾವ ತುಟಿಯೂ ಉಬ್ಬಲಿಲ್ಲ. ಅಂಚು ತಾಗಿತು, ನೀರು ಒಳಗೆ ಕಾಲಿಟ್ಟಿತು. ಲಾಂಚು ವಾಲಿ, ಒಂದಿಷ್ಟು ಎದ್ದು, ಮತ್ತೆ ವಾಲಿ, ಹಿಂದುಗಡೆಯಿಂದ ಇಳಿಯತೊಡಗಿತು. ಪೂರ್ತಿ ಮರೆಯಾದ ಮೇಲೂ ನೀರಿನಡಿ ಕಿಟಕಿಯ ದೀಪಗಳು ಉರಿಯುತ್ತಿದ್ದವು. ಅವು ಆರಿದಾಗ ಅವಳು ಮತ್ತೆ ಒತ್ತಿದಳು.

“ಭಪ್ಪರೆ!” ಎಂದು ಮೀಸೆ ಕುಣಿದ. “ಬನ್ನಿ, ನಿಧಾನ ಮಾಡಿ ತೋರಿಸ್ತೀನಿ. ಥೇಟ್ ನಿಜವಾದ್ದೇ! ಮೇಷ್ಟ್ರೇ, ಬನ್ನಿ.”

ಬೆಂಚು ಅಲುಗಲಿಲ್ಲ. ಅವಳೊಬ್ಬಳೇ ಪರದೆಯ ಮುಂದೆ ನಿಂತಳು. ಅಲ್ಲಿ ಲಾಂಚು ಈಗ ದೊಡ್ಡದಾಗಿತ್ತು. ಅಲೆಗಳಿಗೆ ಭಾರ ಬಂದಿತ್ತು. ಅದು ವಾಲಿತು. ಇನ್ನೇನು ಹೋಯಿತು ಎಂದುಕೊಂಡಳು, ಹೋಗಲಿಲ್ಲ. ಎದ್ದಿತು. ಅಷ್ಟು ಹೊತ್ತಿನಲ್ಲಿ ಒಬ್ಬ ಏಣಿ ಹತ್ತಿ ಮೇಲೆ ಬರಬಹುದಿತ್ತು. ಮತ್ತೆ ವಾಲಿತು. ಬಂದವನು ನೀರಿಗೆ ಹಾರಿ ಬಚಾವಾಗಬಹುದಿತ್ತು. ಇಲ್ಲ, ಯಾರೋ ಕೂಗಿದರೆಂದು ತಿರುಗಿ ಏಣಿ ಇಳಿಯಬಹುದಿತ್ತು, ಒಂದು ಬಾಗಿಲು ತಳ್ಳಿ ನೋಡಿ, ಅದು ತೆರೆಯದೆ, ಇನ್ನೊಂದರ ಹತ್ತಿರ ಹೋಗಬಹುದಿತ್ತು. ಲಾಂಚು ಇನ್ನೂ ಇಳಿಯುತ್ತಲೇ ಇತ್ತು. ನೀರಿನಡಿ ಕಿಟಕಿಗಳು ಉರಿಯುತ್ತಲೇ ಇದ್ದವು.

“ಸ್ವಲ್ಪ ಉದ್ದ ಆಯ್ತು,” ಎಂದ ಮೀಸೆ. “ಜನ ಇಷ್ಟು ಹೊತ್ತು ಕೂರಲ್ಲ. ಕತ್ತರಿಸ್ತಾರೆ ಬಿಡಿ.” ಚಹಾ ತರುತ್ತೇನೆಂದು ಅವನು ಹೊರಗೆ ಹೋದ.

ಕೈಯಲ್ಲಿದ್ದ ವಾಚನ್ನು ಅವಳು ನೋಡಿದಳು. ಬೇಡವೆಂದರೂ ಮನಸ್ಸು ನಾಲ್ಕರಿಂದ ಗುಣಿಸಿಬಿಟ್ಟಿತು. ಅರ್ಧಕ್ಕರ್ಧ ಇಳಿಸಿ ಹೇಳಿಬಿಡಲೇ? ಆದರೆ ಅಪ್ಪನಿಗೆ ಸುಳ್ಳು ಸಂಖ್ಯೆಯ ವಾಸನೆ ಹತ್ತುತ್ತದೆ; ಪರೀಕ್ಷೆಯ ಪೇಪರುಗಳಲ್ಲಿ ಅದನ್ನೇ ಹಿಡಿದು ಕೂದಲು ಬೆಳ್ಳಗಾದವರು ಅವರು. ಹೇಳುವುದಾದರೆ ನಿಜವನ್ನೇ ಹೇಳಬೇಕು. ಇಲ್ಲದಿದ್ದರೆ ಇದನ್ನು ಹೊತ್ತುಕೊಂಡು ಸಂಜೆ ಅಮ್ಮನ ಎದುರು ಅವಳೊಬ್ಬಳೇ ಊಟಕ್ಕೆ ಕೂರಬೇಕು.

ಬೆಂಚಿನ ಹತ್ತಿರ ಹೋದಳು. ಅಪ್ಪ ಗೋಡೆಯಿಂದ ಮುಖ ತಿರುಗಿಸಲಿಲ್ಲ.

“ಆಯ್ತಾ?”

“ಆಯ್ತಪ್ಪ.”

“ದೀಪ?”

“ಕೊನೇವರೆಗೂ ಇತ್ತು.”

ಅವರು ತಲೆಯಾಡಿಸಿದರು. ಅವಳು ವಾಚನ್ನು ಅವರ ಮುಂದೆ ಚಾಚಿದಳು. ಅವಳ ಬೆರಳಿನ ಸೋಪಿನ ನೀರು ಅದರ ಗಾಜಿನ ಮೇಲೆ ಹರಡಿಕೊಂಡಿತ್ತು.

“ತಗೊಳ್ಳಿ. ಗುಣಿಸೋದೊಂದೇ ಬಾಕಿ.”

ಅಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡರು.

“ಬೇಡ.”

“ಅಪ್ಪ, ಇಷ್ಟು ವರ್ಷ ನೀವೇ…”

“ಬೇಡ ಅಂದೆ. ಆ ಜಾಗ ಖಾಲೀನೇ ಇರಲಿ.”