ಎಕ್ಸ್‌ಚೇಂಜಮ್ಮನೂ ನೀರು ಚಿಮ್ಮದ ಪಂಪೂ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಮನೆಯ ಗಂಡ ಹೆಂಡಿರು ಹನ್ನೆರಡು ದಿನಗಳಿಂದ ಹೊತ್ತುಹೊತ್ತಿಗೆ ಉಣ್ಣುತ್ತಲೂ ಇದ್ದರು, ಮಲಗುತ್ತಲೂ ಇದ್ದರು. ಜಗಳ ಮಾತ್ರ ಗಟ್ಟಿಮುಟ್ಟಾಗಿಯೇ ಇತ್ತು. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಕಾರಿನ ಮುಂದಿನ ಗಾಜಿಗೆ ನೀರು ಚಿಮ್ಮುವುದು ನಿಂತಿತ್ತು. ಪಂಪು ಕೆಟ್ಟಿದೆ ಎಂದಳು ಹೆಂಡತಿ. ಪಂಪು ಗುಂಡುಕಲ್ಲಿನ ಹಾಗಿದೆ, ನಿನಗೆ ಸ್ಟೀರಿಂಗ್ ಪಕ್ಕದ ಲಿವರ್ ಎಳೆಯೋಕೆ ಬರುವುದಿಲ್ಲ ಎಂದ ಗಂಡ. ಸೇತುವೆಗಳ ತಪಾಸಣೆಗೆಂದು ಹತ್ತು ವರ್ಷದಿಂದ ಧೂಳಿನ ರಸ್ತೆಗಳಲ್ಲಿ ಕಾರು ಓಡಿಸುತ್ತಿರುವ ಇಂಜಿನಿಯರಿಗೆ ಹೇಳುವ ಮಾತೇ ಅದು? ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಅವನಿಗೇನು, ಲೈಬ್ರರಿಯಲ್ಲಿ ಕೆಲಸ, ಮೌನ ಅಭ್ಯಾಸವಾಗಿತ್ತು.

ಹೇಳಲೇಬೇಕಾದದ್ದನ್ನು ಇಬ್ಬರೂ ಅವನ ತಾಯಿಯ ಮೂಲಕ ಹೇಳಿಸುತ್ತಿದ್ದರು. ಈಕೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಲೈನು ಜೋಡಿಸಿ ನಿವೃತ್ತಳಾದವಳು. ಬೀದಿಯವರ ಬಾಯಲ್ಲಿ ಎಕ್ಸ್‌ಚೇಂಜಮ್ಮ.

"ಅಮ್ಮ, ನನ್ನ ನೀಲಿ ಶರ್ಟ್ ಎಲ್ಲಿದೆ ಅಂತ ಕೇಳು," ಎನ್ನುವನು ಮಗ, ಹೆಂಡತಿಯ ಎದುರೇ ಕೂತುಕೊಂಡು.

"ಕಣ್ಣಿದ್ರೆ ಕಪಾಟಲ್ಲಿ ನೋಡ್ಕೊಳ್ಳೋಕೆ ಹೇಳಿ ಅತ್ತೆ," ಎನ್ನುವಳು ಸೊಸೆ.

ಎಕ್ಸ್‌ಚೇಂಜಮ್ಮ ಅದನ್ನು ಸ್ವಲ್ಪ ತೊಳೆದು, "ಕಪಾಟಲ್ಲಿದೆಯಂತಪ್ಪ," ಎಂದು ದಾಟಿಸುವಳು. ಹೊರಗಿನಿಂದ ನೋಡಿದವರಿಗೆ ಪಾಪ ಮುದುಕಿ, ಇಬ್ಬರ ನಡುವೆ ಸಿಕ್ಕಿ ಅರೆದುಹೋಗುತ್ತಿದ್ದಾಳೆ ಎನಿಸಬೇಕು. ಒಳಗಿನ ಮಾತು ಬೇರೆ. ಮಗ ಸೊಸೆ ಅನ್ಯೋನ್ಯವಾಗಿದ್ದ ಕಾಲದಲ್ಲಿ ಅವಳ ಪಾಲಿಗೆ ಬರುತ್ತಿದ್ದದ್ದು ದಿನಕ್ಕೆ ಎರಡೇ ಮಾತು: "ಊಟ ಆಯ್ತಾ?" ಮತ್ತು "ಮಾತ್ರೆ ತಗೊಂಡ್ರಾ?" ಉಳಿದದ್ದೆಲ್ಲ ಅವರವರಲ್ಲೇ. ಈಗ ಬೆಳಗಾದರೆ "ಅಮ್ಮ", "ಅತ್ತೆ", "ಅಮ್ಮ", "ಅತ್ತೆ". ಅವಳು ಹೊಸ ಸೀರೆ ಉಟ್ಟು, ಅಡುಗೆಮನೆಗೂ ಹಾಲಿಗೂ ನಡುವೆ ಕುರ್ಚಿ ಹಾಕಿಸಿಕೊಂಡಿದ್ದಳು. ಮಂಡಿನೋವು ಕೂಡ ಮರೆತುಹೋಗಿತ್ತು.

ಹದಿಮೂರನೆಯ ದಿನ ಭಾನುವಾರ. ಮರುದಿನ ಸೊಸೆ ದೂರದ ಸೇತುವೆಯೊಂದಕ್ಕೆ ಹೋಗಬೇಕು. ಮಗ ಜಾಕು, ಸ್ಕ್ರೂಡ್ರೈವರು, ವೈರು ಕಟ್ಟಿದ ಸಣ್ಣ ಬಲ್ಬು, ಹಳೆಯ ಚಾಪೆ ಎಲ್ಲ ಹಿಡಿದುಕೊಂಡು ಅಂಗಳಕ್ಕೆ ಇಳಿದ. ಈ ಕೆಲಸದ ತೊಡಕೆಂದರೆ ಒಬ್ಬರಿಂದ ಆಗುವಂಥದ್ದಲ್ಲ. ಒಬ್ಬರು ಒಳಗೆ ಕೂತು ಲಿವರ್ ಎಳೆಯಬೇಕು, ಇನ್ನೊಬ್ಬರು ಹೊರಗೆ ಪಂಪಿಗೆ ಕಿವಿಗೊಡಬೇಕು. ಗುಂಯ್ ಎಂದರೆ ಪಂಪು ಬದುಕಿದೆ, ನೀರಿನ ದಾರಿಯಲ್ಲೆಲ್ಲೋ ಕಸ ಕಟ್ಟಿದೆ. ಗುಂಯ್ ಎನ್ನದಿದ್ದರೆ ಫ್ಯೂಸೋ, ವೈರೋ, ಪಂಪೋ ಕೈಕೊಟ್ಟಿದೆ.

ಸೊಸೆ ಒಳಗೆ ಕೂತು ಗಾಜುಗಳನ್ನೆಲ್ಲ ಪೂರ್ತಿ ಏರಿಸಿಕೊಂಡಳು. ಮಗ ಮುಂದಿನ ಚಕ್ರ ಬಿಚ್ಚಿ, ಅದರ ಹಿಂದಿನ ಪ್ಲಾಸ್ಟಿಕ್ ಹೊದಿಕೆ ತೆಗೆದು, ನೀರಿನ ಟ್ಯಾಂಕಿನ ಕೆಳಗೆ ತಲೆ ತೂರಿಸಿ ಮಲಗಿದ. ನಡುವೆ ಎಕ್ಸ್‌ಚೇಂಜಮ್ಮ ಸೆರಗು ಸಿಕ್ಕಿಸಿ ನಿಂತಳು.

ಮಗ ಚಾಪೆಯ ಕೆಳಗಿಂದ ಒಂದು ಪುಟ್ಟ ಡಬ್ಬಿ ತೋರಿಸಿ, ದನಿ ತಗ್ಗಿಸಿ ಹೇಳಿದ: "ಅಮ್ಮ, ಹೊಸ ಪಂಪು ತಂದ್ಬಿಟ್ಟಿದ್ದೀನಿ. ಅವಳು ಹೇಳಿದ್ದೇ ಸರಿ ಇರ್ಬೇಕು. ತಪ್ಪು ನಂದೇ ಅಂತ ಹೇಳ್ಬಿಡು. ನನಗೆ ಬಾಯೇ ಬರ್ತಿಲ್ಲ."

ಎಕ್ಸ್‌ಚೇಂಜಮ್ಮ ಲೆಕ್ಕ ಹಾಕಿದಳು. ಒಂದು ಮಾತು ದಾಟಿಸಿದರೆ ಜಗಳ ಮುಗಿಯಿತು. ಲೈನು ಸಿಕ್ಕಿದ ಮೇಲೆ ಆಪರೇಟರ್ ಕಿವಿಯಿಂದ ಫೋನು ತೆಗೆದಿಡಬೇಕು, ಅದು ಕೆಲಸದ ನಿಯಮ. ನಾಳೆಯಿಂದ ಮತ್ತೆ ಊಟ ಆಯ್ತಾ, ಮಾತ್ರೆ ತಗೊಂಡ್ರಾ. ಅವಳು ಬಾಗಿಲ ಬಳಿ ಹೋಗಿ ಗಾಜು ತಟ್ಟಿದಳು. ಸೊಸೆ ಎರಡು ಬೆರಳಿನಷ್ಟು ಇಳಿಸಿದಳು.

"ಏನಂತೆ ಅತ್ತೆ?"

ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಮೂವತ್ತೊಂದು ವರ್ಷದಲ್ಲಿ ಒಬ್ಬರ ಕರೆಯನ್ನೂ ತುಂಡರಿಸಿದವಳಲ್ಲ.

"ಬಿಸಿಲು ಜಾಸ್ತಿಯಂತೆ," ಎಂದಳು.

"ಅದಕ್ಕೆ ನಾನೇನ್ ಮಾಡ್ಲಿ?" ಸೊಸೆ ಗಾಜು ಏರಿಸಿದಳು.

ಪರೀಕ್ಷೆ ಶುರುವಾಯಿತು. ಸೊಸೆ ಲಿವರ್ ಎಳೆದಳು. ಮಗ ಟ್ಯಾಂಕಿಗೆ ಕಿವಿಯಾನಿಸಿ, "ಸದ್ದಿಲ್ಲ ಅಂತ ಹೇಳಮ್ಮ," ಎಂದ. ಎಕ್ಸ್‌ಚೇಂಜಮ್ಮ ಬಾಗಿಲಿಗೆ ಬಂದು, "ಸದ್ದು ಚೆನ್ನಾಗಿ ಬರ್ತಿದೆಯಂತೆ. ಇನ್ನೂ ಸರಿಯಾಗಿ ಎಳೀಬೇಕಂತೆ," ಎಂದಳು. ಒಂದು ಸುಳ್ಳು ಬಾಯಿಂದ ಬಿದ್ದ ಮೇಲೆ ಅದರ ಬೆನ್ನಿಗೆ ಅಣ್ಣತಮ್ಮಂದಿರು ಸಾಲುಗಟ್ಟಿದರು.

ಸೊಸೆಯ ಮೂಗು ಕೆಂಪಾಯಿತು. "ಕೈ ಮುರಿಯೋ ತನಕ ಎಳೀಲಾ ಅಂತ ಕೇಳಿ!"

"ಫ್ಯೂಸ್ ನೋಡ್ಬೇಕಂತೆ," ಎಂದಳು ಎಕ್ಸ್‌ಚೇಂಜಮ್ಮ ಮಗನಿಗೆ.

ಮಗ ಎದ್ದು ಫ್ಯೂಸು ಕಿತ್ತು ನೋಡಿದ. ಒಳಗಿನ ತಂತಿ ನೆಟ್ಟಗಿತ್ತು. ಮತ್ತೆ ಮಲಗಿ, ಪಂಪಿಗೆ ಹೋಗುವ ವೈರು ಕಳಚಿ ಅದರ ತುದಿಗೆ ಬಲ್ಬು ಹಚ್ಚಿದ. "ಎಳೀಲಿ," ಎಂದ. ಆ ಒಂದು ಮಾತನ್ನು ಮುದುಕಿ ಇದ್ದ ಹಾಗೆಯೇ ತಲುಪಿಸಿದಳು. ಬಲ್ಬು ಪಕ್ಕನೆ ಹೊತ್ತಿತು.

"ಕರೆಂಟು ಬರ್ತಿದೆ ಅಂದ್ಮೇಲೆ ಪಂಪೇ ಸತ್ತಿದೆ. ಇನ್ನು ಲಿವರ್ ಬಿಡ್ಲಿ. ಅಮ್ಮ, ಆ ಮಾತು ಹೇಳಿದ್ಯಾ?"

"ಹೇಳ್ದೆ. ಯೋಚ್ನೆ ಮಾಡ್ತಾಳಂತೆ."

ಮಗನ ಮುಖ ಸಣ್ಣದಾಯಿತು. ಚಿಕ್ಕವನಿದ್ದಾಗ ಆಟಕ್ಕೆ ಸೇರಿಸಿಕೊಳ್ಳದಿದ್ದರೆ ಹೀಗೇ ಆಗುತ್ತಿದ್ದ. ತಾಯಿಗೆ ಅದು ಕಾಣದೆ ಇರಲಿಲ್ಲ. ಆದರೂ ಅವಳು ಹೋಗಿ ಸೊಸೆಗೆ ಹೇಳಿದ್ದು, "ಲಿವರ್ ಬಿಡಲೇಬಾರದಂತೆ. ಅವನು ಹೇಳೋ ತನಕ."

ಸೊಸೆ ಹಲ್ಲು ಕಚ್ಚಿಕೊಂಡು, ಎಳೆದ ಲಿವರ್ ಎಳೆದೇ ಹಿಡಿದು ಕಾಲು ಗಂಟೆ ಕೂತಳು. ಗಾಜಿನ ಮೇಲೆ ವೈಪರು ಒಣಗಿದ ಧೂಳನ್ನೇ ಅತ್ತ ಇತ್ತ ಸಾಗಿಸುತ್ತಿತ್ತು. ಎಕ್ಸ್‌ಚೇಂಜಮ್ಮ ಇಬ್ಬರ ನಡುವೆ ಹನ್ನೊಂದು ಸಲ ಓಡಾಡಿದಳು. ಮಾಡುತ್ತಿರುವುದು ಪಾಪ ಎಂದು ಅವಳಿಗೆ ಗೊತ್ತಿತ್ತು. ಅಷ್ಟು ಖುಷಿ ಅವಳಿಗೆ ನಿವೃತ್ತಿಯಾದ ಮೇಲೆ ಆಗಿರಲಿಲ್ಲ ಎನ್ನುವುದೂ ನಿಜ.

ಲೈಬ್ರರಿಯವನು ಪುಸ್ತಕ ಓದಿ ಬಂದಿದ್ದ, ಆದರೆ ಒಂದು ಸಾಲು ಬಿಟ್ಟು ಓದಿದ್ದ: ಪಂಪು ಕೀಳುವ ಮೊದಲು ಟ್ಯಾಂಕು ಖಾಲಿ ಮಾಡಬೇಕು. ಟ್ಯಾಂಕಿನ ಬುಡದ ರಬ್ಬರ್ ತೂತಿನಿಂದ ಹಳೆಯ ಪಂಪನ್ನು ಅಲ್ಲಾಡಿಸಿ ಅಲ್ಲಾಡಿಸಿ ಪಟ್ಟೆಂದು ಎಳೆದ. ಕಂಠಮಟ್ಟ ತುಂಬಿದ್ದ ಸೋಪಿನ ನೀರು ಅವನ ಕಣ್ಣಿಗೆ, ಮೂಗಿಗೆ, ತೆರೆದ ಬಾಯಿಗೆ ಧೋ ಎಂದು ಸುರಿಯಿತು.

"ಏಯ್! ಬಕೆಟ್ ತಗೊಂಡ್ ಬಾರೇ!"

ಆ ಕೂಗು ನಾಲ್ಕು ಗಾಜುಗಳನ್ನೂ ದಾಟಿ ಒಳಗೆ ಕೇಳಿಸಿತು. ಬಾಗಿಲು ತೆರೆಯಿತು. ಸೊಸೆ ಬಚ್ಚಲಿಗೆ ಓಡಿ, ಬಕೆಟ್ ಹಿಡಿದು ವಾಪಸ್ಸು ಓಡಿ ಬಂದಳು.

"ನೋಡಮ್ಮಾ, ಬಕೆಟ್ ಬೇಕಂತೆ ಅವನಿಗೆ!" ಎಂದು ಎಕ್ಸ್‌ಚೇಂಜಮ್ಮ ಕೂಗಿದಳು. ಅಷ್ಟರಲ್ಲಿ ಸೊಸೆ ಅವಳನ್ನು ದಾಟಿ ಹೋಗಿಯಾಗಿತ್ತು.

ಬಕೆಟ್ ಬರುವ ಹೊತ್ತಿಗೆ ನೀರೆಲ್ಲ ಮಗನೊಳಗೂ ಮೇಲೂ ಖಾಲಿಯಾಗಿತ್ತು. ಅವನು ಎದ್ದು ಕೂತು ಕೆಮ್ಮಿದ. ಬಾಯಿಂದ ಒಂದು ಗುಳ್ಳೆ ಹೊರಬಂತು. ಸೊಸೆ ಗಂಭೀರವಾಗಿರಲು ನೋಡಿದಳು, ಆಗಲಿಲ್ಲ. ನೆಲಕ್ಕೆ ಕುಸಿದು ನಕ್ಕಳು. ನಗುತ್ತಲೇ ಡಬ್ಬಿಯನ್ನು ಕಂಡಳು.

"ಹೊಸ ಪಂಪು ತಂದಿದ್ದೀರಾ? ಹಾಗಾದ್ರೆ ಪಂಪೇ ಕೆಟ್ಟಿತ್ತು ಅಂತ ಒಪ್ಕೊಂಡ್ರಾ?"

"ಅಮ್ಮ ಹೇಳ್ಲಿಲ್ವಾ? ತಪ್ಪು ನಂದೇ ಅಂತ?"

ಇಬ್ಬರೂ ತಿರುಗಿ ನೋಡಿದರು. "ಲೈನು ಸರಿ ಇರ್ಲಿಲ್ಲ," ಎಂದಳು ಎಕ್ಸ್‌ಚೇಂಜಮ್ಮ. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಅವರಿಗಿರಲಿಲ್ಲ. ಸೊಸೆ ಅವನ ಕಿವಿಯೊಳಗಿನ ನೊರೆ ಒರೆಸುತ್ತಿದ್ದಳು, ಅವನು ಹನ್ನೆರಡು ದಿನದ ಬಾಕಿ ಮಾತನ್ನೆಲ್ಲ ಒಟ್ಟಿಗೆ ಆಡುತ್ತಿದ್ದ. ತಲೆಗೆ ತಲೆ ತಾಗಿಸಿ ಹೊಸ ಪಂಪನ್ನು ರಬ್ಬರಿನೊಳಗೆ ಒತ್ತಿದರು, ನಳಿಗೆ ಸಿಕ್ಕಿಸಿದರು, ವೈರು ಕೂಡಿಸಿದರು. ಮಾತು ಅತ್ತಿಂದಿತ್ತ ನೇರವಾಗಿ ಹೋಗುತ್ತಿತ್ತು. ಮುದುಕಿ ಸ್ವಲ್ಪ ಹೊತ್ತು ನಿಂತಿದ್ದು, ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. ಮಂಡಿ ನೋಯತೊಡಗಿತು.

ಚಕ್ರ ಹಾಕಿ, ಟ್ಯಾಂಕು ತುಂಬಿ, ಮೂವರೂ ಒಂದು ಸುತ್ತು ಹೊರಟರು. ಸೊಸೆ ಲಿವರ್ ಎಳೆದಳು. ಗುಂಯ್! ನೀರು ಗಾಜಿನ ತುಂಬ ಚಿಮ್ಮಿತು. "ಬಂತು ಬಂತು!" ಎಂದು ಗಂಡ ಹೆಂಡತಿ ಮಕ್ಕಳಂತೆ ಕೂಗಿದರು. ಹಾಲಿನ ಅಂಗಡಿ ದಾಟಿತು, ಆಟದ ಮೈದಾನ ದಾಟಿತು. ಮುಂದಿನ ಸೀಟುಗಳಲ್ಲಿ ಮಾತೇ ಮಾತು. ಬಹಳ ಹೊತ್ತಾದ ಮೇಲೆ ಸೊಸೆ ಕನ್ನಡಿಯಲ್ಲಿ ನೋಡಿದಳು.

"ಯಾಕತ್ತೆ ಸುಮ್ನಿದ್ದೀರಾ? ಮಾತ್ರೆ ತಗೊಂಡ್ರಾ?"

ಎಕ್ಸ್‌ಚೇಂಜಮ್ಮನಿಗೆ ತಡೆಯಲಾಗಲಿಲ್ಲ. "ಅವನು ಸದ್ದಿಲ್ಲ ಅಂದ, ನಾನು ಇದೆ ಅಂದೆ. ತಪ್ಪು ನಂದು ಅಂತ ಹೇಳು ಅಂದ, ನಾನು ಬಿಸಿಲು ಜಾಸ್ತಿ ಅಂದೆ. ಬೇಕೂಂತ್ಲೇ ಮಾಡ್ದೆ. ನೀವಿಬ್ರೂ ಮಾತು ಬಿಟ್ಟಾಗ ಮಾತ್ರ ಈ ಮನೇಲಿ ನನ್ ಹತ್ರ ಯಾರಾದ್ರೂ ಮಾತಾಡ್ತೀರ."

ಕಾರು ತಾನಾಗಿಯೇ ನಿಧಾನವಾಯಿತು. ಮಗನ ಕತ್ತು ಅರ್ಧ ತಿರುಗಿ, ತಾಯಿಯ ಮುಖ ನೋಡಲಾರದೆ ಅಲ್ಲೇ ನಿಂತಿತು. ಕೊನೆಗೆ ಹೆಂಡತಿಯ ಕಡೆ ಬಾಗಿ, ಮೆಲ್ಲಗೆ ಹೇಳಿದ: "ಹಾಗೇನಿಲ್ಲ ಅಂತ ಅಮ್ಮನಿಗೆ ಹೇಳೇ."

"ನಾನಿಲ್ಲೇ ಇದ್ದೀನಲ್ಲೋ," ಎಂದಳು ಎಕ್ಸ್‌ಚೇಂಜಮ್ಮ. "ನನಗೇ ಹೇಳು."